ಬಾಲೆಯ ಖಾನೆ

ಡ್ರಿಲ್ಲಿಂಗ್ ಮೆಷಿನಿನ ಮೂತಿಯನ್ನು ಗೋಡೆಗೆ ಒತ್ತಿ ಹಿಡಿದು ಅಕ್ಷಿತಾ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಬಸುರಿ ಇರುವ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಅಂತ ಅತ್ತೆ ನಿನ್ನೆ ಮೆಟ್ಟಿಲು ಇಳಿಯುತ್ತಾ ಇನ್ನೊಮ್ಮೆ ಹೇಳಿ ಹೋಗಿದ್ದರು. ಸ್ಕ್ರೂ ಹಾಕಬಾರದು ಅಂತ ಹೇಳಿರಲಿಲ್ಲ. ಮೊಳೆ ಬೇರೆ, ಸ್ಕ್ರೂ ಬೇರೆ ಅಂತ ಬೆಳಗ್ಗಿನಿಂದ ಮನಸ್ಸಿನಲ್ಲೇ ವಾದ ಮಾಡಿ ಗೆದ್ದಿದ್ದವಳು, ಸ್ವಿಚ್ ಒತ್ತುವ ಮುಂಚೆ ಎಡಗೈಯಿಂದ ಹೊಟ್ಟೆ ಮುಟ್ಟಿ ನೋಡಿಕೊಂಡಳು. ನಿಜವಾಗಿ ಗೆದ್ದವರು ಹಾಗೆ ಮುಟ್ಟಿ ನೋಡಿಕೊಳ್ಳುವುದಿಲ್ಲ.

ಮೆಷಿನ್ ಗುರ್ ಎಂದಿತು. ಮೊದಲು ಸಿಮೆಂಟಿನ ಬೂದಿ ಬಣ್ಣದ ಹುಡಿ ಬಂತು. ಆಮೇಲೆ ಒಳಗಿನ ಕೆಂಪುಕಲ್ಲು ಸಿಕ್ಕಿ ಕೆಂಪು ಹುಡಿ ಧಾರೆಯಾಗಿ ಅವಳ ನೈಟಿಯ ಮೇಲೆ, ಸರಿಯಾಗಿ ಹೊಟ್ಟೆ ಉಬ್ಬಿದ ಜಾಗದಲ್ಲೇ ಉದುರಿತು. ಹೋದ ವರ್ಷ ನಾಲ್ಕನೇ ತಿಂಗಳಿನಲ್ಲಿ ಇದೇ ಮನೆಯ ಬಚ್ಚಲಿನಲ್ಲಿ ಅವಳು ಕೆಂಪು ನೋಡಿದವಳು. ಅಂದಿನಿಂದ ಕುಂಕುಮದ ಡಬ್ಬಿ ಚೆಲ್ಲಿದರೂ ಸಾಕು, ಕೈಕಾಲು ತಣ್ಣಗಾಗುತ್ತದೆ. 'ಹುಡಿ ಮಾರಾಯ್ತಿ, ಬರೀ ಕಲ್ಲಿನ ಹುಡಿ' ಅಂತ ತನಗೆ ತಾನೇ ಹೇಳಿಕೊಂಡು, ಕೊಡವಿ, ಮುಂದಿನ ತೂತಿಗೆ ಪೆನ್ಸಿಲ್ ಗುರುತು ಹುಡುಕಿದಳು.

ಕದ್ರಿಯ ಆ ಫ್ಲಾಟಿನಲ್ಲಿ ಇರುವುದು ಅತ್ತೆ ಸೊಸೆ ಇಬ್ಬರೇ. ಗಂಡ ಮೋಕ್ಷಿತ್ ಶಾರ್ಜಾದಲ್ಲಿ ಎ.ಸಿ. ರಿಪೇರಿಯ ಕಂಪೆನಿಯಲ್ಲಿದ್ದಾನೆ; ಹೆರಿಗೆಯ ಹೊತ್ತಿಗೆ ರಜೆ ಸಿಗುತ್ತದೆ ಅಂದಿದ್ದಾನೆ. ಅತ್ತೆಯ ಹೆಸರು ಮುದ್ದು; ಪ್ರಾಯ ಇರುವಷ್ಟು ಕಾಲ ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದವರು. ಬೀಜದ ಎಣ್ಣೆ ತಾಗಿ ಸುಟ್ಟ ಕಲೆಗಳು ಬೆರಳುಗಳಿಂದ ಇನ್ನೂ ಹೋಗಿಲ್ಲ. ಉಳ್ಳಾಲದಲ್ಲಿ ಅವರ ದೊಡ್ಡಪ್ಪನ ಮಗ ನೋಣಯ್ಯ ತೀರಿಹೋಗಿ, ಆ ಬೊಜ್ಜಕ್ಕೆಂದು ನಿನ್ನೆ ಬೆಳಗ್ಗೆ ಹೋಗಿದ್ದರು. ಸತ್ತವರ ಉತ್ತರಕ್ರಿಯೆಗೆ ಏಳು ತಿಂಗಳ ಬಸುರಿಯನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ. ಹಾಗಾಗಿ ಮನೆಯೂ ಅತ್ತೆಯ ಕೋಣೆಯ ಕಪಾಟೂ ಅಕ್ಷಿತಾಳ ಕೈಗೆ ಸಿಕ್ಕಿದವು.

ಕಪಾಟಿನ ಹುಚ್ಚು ಹಿಡಿದದ್ದು ಬೂಸ್ಟಿನಿಂದ. ಆಟಿ, ಅಂದರೆ ಆಷಾಢ ತಿಂಗಳ ಮಳೆಗೆ ಮಂಗಳೂರಿನಲ್ಲಿ ಬೂಸ್ಟು ಹಿಡಿಯದ ವಸ್ತು ಇಲ್ಲ. ಚಪ್ಪಲಿಗೆ, ಬೆಲ್ಟಿಗೆ, ಕೊನೆಗೆ ಅವಳ ಮದುವೆಯ ಧಾರೆ ಸೀರೆಗೂ ಬೂದಿ ಎರಚಿದ ಹಾಗೆ ಹಿಡಿದಿತ್ತು. ಆ ದಿನದಿಂದ ಮೊಬೈಲಿನಲ್ಲಿ ಕಪಾಟು ಜೋಡಿಸುವ ವಿಡಿಯೋಗಳನ್ನೇ ನೋಡತೊಡಗಿದಳು. ಒಬ್ಬಳು ಹೆಂಗಸು ಒಂದು ಹನಿ ಬೆವರು ಬಾರದೆ ಇಡೀ ಮನೆಯ ಬಟ್ಟೆಯನ್ನು ಮೂರು ರಾಶಿ ಮಾಡುತ್ತಿದ್ದಳು: ಇಡುವುದು, ಕೊಡುವುದು, ಬಿಸಾಡುವುದು. ಅವಳ ಊರಿನಲ್ಲಿ ಆಟಿ ಇದ್ದ ಹಾಗೆ ಕಾಣಲಿಲ್ಲ, ಅತ್ತೆಯಂತೂ ಇರಲೇ ಇಲ್ಲ. ಅಕ್ಷಿತಾ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅತ್ತೆಯ ಕೋಣೆಯ ಗೋಡೆ ಕಪಾಟಿಗೆ ಹೊಸ ಖಾನೆಗಳ ಚಿತ್ರ ಬರೆದು ಅಳತೆ ಹಾಕಿದಳು. ಪ್ಲೈವುಡ್ ಅಂಗಡಿಯವರು ಹಲಗೆಗಳನ್ನು ಕತ್ತರಿಸಿ ಆಟೋದಲ್ಲಿ ಕಳಿಸಿದರು. ಆಚಾರಿಯನ್ನು ಕರೆಯುತ್ತೇನೆ ಅಂತ ಮೋಕ್ಷಿತ್ ಹೇಳಿದರೂ ಬೇಡವೆಂದಳು. ಹೊಟ್ಟೆಯ ಒಳಗೆ ಆಗುತ್ತಿರುವ ಒಂದನ್ನೂ ಅವಳ ಕೈಯಿಂದ ಸರಿಮಾಡಲಿಕ್ಕೆ ಆಗುವುದಿಲ್ಲ. ಕಪಾಟನ್ನಾದರೂ ಮಾಡಬಹುದು. ಅದು ಅವಳ ಹೆದರಿಕೆಗೆ ಸಿಕ್ಕಿದ ಕೆಲಸ.

ನಿನ್ನೆ ಕಪಾಟು ಖಾಲಿ ಮಾಡುವಾಗ ಎಲ್ಲಕ್ಕಿಂತ ಮೇಲೆ, ಅಟ್ಟದ ಹಾಗಿದ್ದ ಖಾನೆಯಲ್ಲಿ, ಹಸಿರು ಬಟ್ಟೆಯ ದೊಡ್ಡ ಚೀಲ ಸಿಕ್ಕಿತು. ಬಾಯಿ ಹಗ್ಗದಿಂದ ಕಟ್ಟಿತ್ತು. ಬಿಚ್ಚಿದರೆ ನುಸಿಗುಳಿಗೆಯ ವಾಸನೆ, ಒಳಗೆ ಹುಡುಗಿಯರ ಬಟ್ಟೆ. ಹಳದಿ ಫ್ರಾಕು, ಕೆಂಪು ಹೂವಿನ ಫ್ರಾಕು, ಜರಿಯ ಲಂಗ, ಚೂಡಿದಾರ, ಮೇಲೆ ಒಂದಷ್ಟು ಸೀರೆ. ಎಲ್ಲ ಬೇರೆ ಬೇರೆ ಅಳತೆ, ಎಲ್ಲದರಲ್ಲೂ ಅಂಗಡಿಯ ಮಡಿಕೆ ಹಾಗೆಯೇ. ಯಾರೂ ಹಾಕಿದ್ದಲ್ಲ. ಎಲ್ಲಕ್ಕಿಂತ ಮೇಲೆ ಕವರಿನೊಳಗೆ ಒಂದು ಧಾರೆ ಸೀರೆ, ಎಲೆಹಸಿರು, ಕೆಂಪು ಅಂಚು. ಯಾರ್‍ಯಾರದೋ ಮದುವೆ, ನಾಮಕರಣಕ್ಕೆಂದು ತಂದು ಕೊಡಲು ಮರೆತದ್ದಿರಬೇಕು ಅಂದುಕೊಂಡಳು. ಮುದುಕಿಯರ ಕಪಾಟು ಅಂದರೆ ಅಷ್ಟೇ ಅಲ್ಲವೇ, ಹಾಕುವುದು ಗೊತ್ತು, ತೆಗೆಯುವುದು ಗೊತ್ತಿಲ್ಲ. ವಿಡಿಯೋದವಳ ಮಾತಿನಂತೆ ಅದು 'ಕೊಡುವ' ರಾಶಿಗೆ ಹೋಯಿತು.

ಒಂದನ್ನು ಮಾತ್ರ ತೆಗೆದಿಟ್ಟಳು. ಚೀಲದ ತಳದಲ್ಲಿ ಅಂಗೈಯಗಲದ ಒಂದು ಜುಬಲ ಇತ್ತು, ಎಳೆಮಗುವಿನ ಅಂಗಿ, ಹಳೆಯ ಮುಂಡನ್ನು ಕತ್ತರಿಸಿ ಕೈಯಲ್ಲೇ ಹೊಲಿದದ್ದು. ಅದೊಂದು ಮಾತ್ರ ಹಾಕಿದ್ದು, ಒಗೆದು ಒಗೆದು ಮೆತ್ತಗಾದದ್ದು. ಹುಟ್ಟಿದ ಮಗುವಿಗೆ ಮೊದಲು ಹೊಸ ಬಟ್ಟೆ ಹಾಕಬಾರದು, ಹಳೆಯದೇ ಆಗಬೇಕು ಅಂತ ಅವಳ ಅಮ್ಮನೂ ಹೇಳುತ್ತಿದ್ದರು. ಮೋಕ್ಷಿತನದ್ದೇ ಇರಬೇಕು ಅಂತ ಆಸೆಯಿಂದ ಅದನ್ನು ಹೊಟ್ಟೆಯ ಮೇಲೆ ಹಾಸಿ ಫೋಟೋ ತೆಗೆದು ಅವನಿಗೆ ಕಳಿಸಿದಳು. ಅವನು ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ. ಜುಬಲವನ್ನು ದಿಂಬಿನಡಿ ಇಟ್ಟು ಮಲಗಿದಳು. ಬೆಳಗ್ಗೆ ಮೇಲಿನ ಮಾಳಿಗೆಯ ರೂಬನ್, ಚರ್ಚಿನ ಹುಡುಗರೊಟ್ಟಿಗೆ ಅನಾಥಾಶ್ರಮಕ್ಕೆ ಬಟ್ಟೆ ಸೇರಿಸುವವನು, ಬಂದು ಚೀಲ ಹೊತ್ತುಕೊಂಡು ಹೋದ.

ಕೊನೆಯ ಎರಡು ತೂತು ಬಾಕಿ ಇರುವಾಗ ಬಾಗಿಲು ಬಡಿದ ಸದ್ದಾಯಿತು. ಸಂಜೆ ಬರಬೇಕಾದ ಅತ್ತೆ ಮಧ್ಯಾಹ್ನಕ್ಕೇ ಬಂದಿದ್ದರು. ಕೊಡೆಯಿಂದ ನೀರು ಸುರಿಯುತ್ತಿತ್ತು, ಮುಖ ಬಿಗಿದಿತ್ತು.

"ನನ್ನನ್ನು ಮುಟ್ಟಬೇಡ, ಬೊಜ್ಜದ ಮನೆಯಿಂದ ಬಂದದ್ದು. ಮಿಂದು ಬರ್ತೇನೆ" ಅಂತ ನೇರ ಬಚ್ಚಲಿಗೆ ಹೋದರು. ಒಳಗಿನಿಂದಲೇ, "ಒಂದು ಬೈರಾಸು ಕೊಡು ಮಗಾ" ಅಂದರು.

ಬೈರಾಸು ಎಲ್ಲಿದೆ ಅಂತ ಹುಡುಕಬೇಕಾಗಿಯೇ ಇರಲಿಲ್ಲ. ಹೊಸ ಹಲಗೆಯ ಮೇಲೆ ಸುತ್ತಿ ನಿಲ್ಲಿಸಿದ್ದರಲ್ಲಿ ಒಂದನ್ನು ಎಳೆದು ಕೊಟ್ಟ ಅಕ್ಷಿತಾಳಿಗೆ ಸ್ವಲ್ಪ ಜಂಬವೇ ಆಯಿತು. ಮೊಳೆಯ ವಿಷಯ ಬಂದರೆ ಹೇಳಲು ಉತ್ತರ ಸಿದ್ಧವಿತ್ತು.

ಮುದ್ದು ತಲೆ ಒರೆಸಿಕೊಳ್ಳುತ್ತಾ ಕೋಣೆಗೆ ಬಂದವರು ಗೋಡೆ ನೋಡಲಿಲ್ಲ, ಹಲಗೆ ನೋಡಲಿಲ್ಲ. ಕತ್ತೆತ್ತಿ ಮೇಲಿನ ಖಾನೆ ನೋಡಿದರು. ಒರೆಸುತ್ತಿದ್ದ ಕೈ ನಿಂತಿತು.

"ಮೇಲೆ ಒಂದು ಚೀಲ ಇತ್ತಲ್ಲಾ?"

"ಹಸಿರು ಚೀಲವಾ ಮಾಮಿ? ಅದರಲ್ಲಿ ಎಂತದೋ ಮಕ್ಕಳ ಬಟ್ಟೆ, ಸೀರೆ. ಪೂರಾ ಹೊಸತು, ಹಾಗೇ ಹಾಳಾಗ್ತಿತ್ತು. ರೂಬನ್‌ನ ಇಗರ್ಜಿಯಲ್ಲಿ ಆಶ್ರಮಕ್ಕೆ ಸೇರಿಸ್ತಾರಲ್ಲಾ, ಹಾಗೆ ಕೊಟ್ಟೆ. ಬೆಳಿಗ್ಗೆ ತೆಗೊಂಡು ಹೋದ."

ಮುದ್ದು ಮಂಚದ ಅಂಚಿನಲ್ಲಿ ಕುಳಿತರು. ಬೈಯುತ್ತಾರೆ ಅಂತ ಅಕ್ಷಿತಾ ಕಾದಳು. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವರು ಸೊಸೆಯ ಹೊಟ್ಟೆಯನ್ನೇ ನೋಡುತ್ತಾ ಸಣ್ಣ ಸ್ವರದಲ್ಲಿ ಕೇಳಿದರು:

"ಮಗು ಅಲ್ಲಾಡ್ತಾ ಉಂಟಾ?"

ಅಕ್ಷಿತಾ ಬಾಯಿ ತೆರೆದಳು. ಬೆಳಗ್ಗೆ ಎದ್ದಾಗ ಅಲ್ಲಾಡಿತ್ತಾ? ಕಾಫಿ ಕುಡಿಯುವಾಗ? ರೂಬನ್ ಬಂದಾಗ? ಹಲಗೆ, ಕ್ಲಾಂಪು, ಅಳತೆ ಅಂತ ಓಡಾಡಿದ ಹೊತ್ತಿನಲ್ಲಿ ಒಮ್ಮೆಯೂ ಗಮನಿಸಿರಲಿಲ್ಲ. ಮೆಷಿನ್ ಗುರ್ರೆಂದಾಗ ಏನೋ ಒಮ್ಮೆ ಮುದುಡಿಕೊಂಡ ಹಾಗಾಗಿತ್ತೇ? ಅದು ಮಗುವೋ ಅವಳ ಎದೆಯೋ ಗೊತ್ತಿಲ್ಲ. "ಇಲ್ಲ ಮಾಮಿ. ನಂಗೆ ನೆನಪಿಲ್ಲ" ಅಂದಳು.

ಮುದ್ದು ಎದ್ದು ಬೆಲ್ಲದ ನೀರು ಮಾಡಿ ಕುಡಿಸಿದರು, ಎಡಮಗ್ಗುಲಿಗೆ ಮಲಗಿಸಿದರು, ಕಲೆ ಬಿದ್ದ ಬೆರಳುಗಳನ್ನು ಹೊಟ್ಟೆಯ ಮೇಲಿಟ್ಟು ಕಾದರು. ಮಳೆಯ ಸದ್ದು ಬಿಟ್ಟರೆ ಬೇರೆ ಏನೂ ಇರಲಿಲ್ಲ. "ಏಳು, ಡಾಕ್ಟ್ರಲ್ಲಿಗೆ ಹೋಗುವ" ಅಂದರು. ಆಟೋದಲ್ಲಿ ಹಂಪು ಬಂದಾಗಲೆಲ್ಲ ಮುದ್ದು ಅವಳ ಹೊಟ್ಟೆಯ ಅಡಿಗೆ ಕೈ ಕೊಟ್ಟು ಹಿಡಿಯುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಗೆ ತಣ್ಣನೆಯ ಜೆಲ್ಲಿ ಹಚ್ಚಿ ಮೆಷಿನ್ ಒತ್ತಿದರು. ಮೊದಲು ಬರೀ ಗರಗರ. ಆ ಗರಗರದಲ್ಲಿ ಅಕ್ಷಿತಾ ಎಷ್ಟು ದೇವರಿಗೆ ಎಂತೆಂತ ಹರಕೆ ಹೇಳಿಕೊಂಡಳೋ ಅವಳಿಗೇ ಲೆಕ್ಕವಿಲ್ಲ. ಆಮೇಲೆ ಎಲ್ಲಿಂದಲೋ ಓಡೋಡಿ ಬಂದ ಹಾಗೆ ಎದೆಬಡಿತ ಕೇಳಿಸಿತು, ಬೇಗ ಬೇಗ, ಜೋರಾಗಿ.

"ಎಂತ ಇಲ್ಲ. ಪಾಪು ನಿದ್ದೆ ಮಾಡಿದೆ, ನೀವು ಅದರ ನಿದ್ದೆ ಹಾಳು ಮಾಡಿದ್ರಿ" ಅಂತ ಡಾಕ್ಟರಮ್ಮ ನಕ್ಕರು.

ಹೊರಗಿನ ಬೆಂಚಿನಲ್ಲಿ ಕುಳಿತಾಗ ಅಕ್ಷಿತಾ ಅತ್ತುಬಿಟ್ಟಳು. ಅತ್ತು ಮುಗಿಸಿ ಕೇಳಿದಳು. "ಮಾಮಿ, ಚೀಲಕ್ಕೂ ಮಗುವಿಗೂ ಎಂತ ಸಂಬಂಧ? ಚೀಲ ಕೇಳಿದ ಕೂಡಲೇ ನೀವು ಮಗುವಿನ ಸುದ್ದಿ ಯಾಕೆ ಕೇಳಿದ್ದು?"

ಮುದ್ದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ನಿಂಗೆ ಹೇಳ್ಬಾರದು ಅಂತ ಇತ್ತು. ಬಸುರಿಗೆ ಹೇಳುವ ಮಾತಲ್ಲ. ಈಗ ಹೇಳದಿದ್ರೂ ಕಷ್ಟವೇ."

"ಹೇಳಿ."

"ಮೋಕ್ಷಿಗಿಂತ ಮೊದಲು ನಂಗೊಂದು ಹೆಣ್ಣು ಇತ್ತು. ಹೆಸರು ಇಡುವಷ್ಟು ದಿನವೂ ಬದುಕಲಿಲ್ಲ. ಬಾಲೆ ಬಾಲೆ ಅಂತ ಕರೀತಿದ್ದೆ, ಅದೇ ಅದರ ಹೆಸರು." ತುಳುವಿನಲ್ಲಿ ಎಲ್ಲ ಎಳೆಮಕ್ಕಳಿಗೂ ಅದೇ ಹೆಸರು. "ಆಟಿಯಲ್ಲಿ ಸತ್ತವರಿಗೆ ಬಡಿಸ್ತೇವಲ್ಲಾ, ಆಗ ನಾನು ಅದರ ಎಲೆಯ ಹತ್ತಿರ ಒಂದು ಬಟ್ಟೆ ಇಡ್ತೇನೆ. ಸತ್ತ ಮಕ್ಕಳು ಅಲ್ಲಿ ಬೆಳೀತಾರೆ ಮಗಾ. ವರ್ಷ ವರ್ಷ ಸರಿಯಾದ ಅಳತೆಯದ್ದು ತರಬೇಕು. ಇಲ್ಲದಿದ್ರೆ ಅದು ಎಂತ ಉಡ್ತದೆ? ಪಕ್ಕದ ಮನೆಯ ಮಕ್ಕಳನ್ನು ನೋಡಿ ಅಂದಾಜು ಮಾಡ್ತಿದ್ದೆ. ಎತ್ತರ ಆದ್ಲು, ದೊಡ್ಡವಳಾದ್ಲು, ಸೀರೆ ಉಡುವಷ್ಟಾದ್ಲು..."

ನಿನ್ನೆ ಅಕ್ಷಿತಾ ಒಂದೊಂದಾಗಿ ಬಿಡಿಸಿ ನೋಡಿದ್ದು ಯಾರ್‍ಯಾರದೋ ಬಟ್ಟೆಗಳಲ್ಲ. ಒಬ್ಬಳದೇ.

"ಹಾಗಾದ್ರೆ ಆ ಧಾರೆ ಸೀರೆ?"

"ಹೋದ ವರ್ಷ ನಿನ್ನದು ಹೋಯ್ತಲ್ಲಾ. ಆಮೇಲೆ ಉಳ್ಳಾಲದ ನೋಣಯ್ಯಣ್ಣ ಒಬ್ಬ ಜೋಯಿಸರ ಹತ್ರ ಪ್ರಶ್ನೆ ಇಡಿಸಿದ. ಬಾಲೆಗೆ ಮದುವೆಯ ಪ್ರಾಯ ದಾಟಿದೆ, ಮಾಡಿಕೊಡಿ, ಅದು ಮನೆಯೊಳಗೇ ಸುತ್ತು ಹಾಕ್ತಾ ಉಂಟು ಅಂತ ಬಂತು. ಅಣ್ಣನೇ ಹುಡುಕಿ ಸುರತ್ಕಲ್ ಕಡೆಯ ಒಂದು ಸಂಬಂಧ ತಂದ. ಆ ಹುಡುಗನೂ ಸಣ್ಣದಿರುವಾಗ ಜ್ವರದಲ್ಲಿ ಹೋದವನಂತೆ. ಒಳ್ಳೆ ಜನ. ಈ ಆಟಿಯಲ್ಲೇ ಮದುವೆ. ಅಲ್ಲಿಗೆ ಬಸುರಿ ಬರುವ ಹಾಗಿಲ್ಲ, ಹಾಗೆ ನಿಂಗೆ ಹೇಳ್ಲಿಲ್ಲ."

ಕುಲೆಗಳ ಮದುವೆ. ಅಕ್ಷಿತಾ ಚಿಕ್ಕಂದಿನಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದ್ದಳು. ಸತ್ತ ಹುಡುಗ, ಸತ್ತ ಹುಡುಗಿ, ಎರಡು ಮಣೆ, ಮಣೆಯ ಮೇಲೆ ಸೀರೆ ಮುಂಡು, ಬಳೆ ಹೂವು, ಎದುರಿನಲ್ಲಿ ಬದುಕಿದ ಬೀಗರು. ಕಾಲೇಜಿಗೆ ಹೋದ ಮೇಲೆ ಗೆಳತಿಯರೊಟ್ಟಿಗೆ ಅದನ್ನು ಹೇಳಿಕೊಂಡು ನಕ್ಕದ್ದೂ ಉಂಟು. ಈಗ ನಗು ಬರಲಿಲ್ಲ. ಮನೆಯೊಳಗೆ ಸುತ್ತು ಹಾಕುತ್ತಿದ್ದವಳ ಬಟ್ಟೆಬರೆ ಎಲ್ಲ ಗಂಟು ಕಟ್ಟಿ, ಮದುವೆಗೆ ಕೆಲವೇ ದಿನ ಇರುವಾಗ, ತಾನೇ ಬಾಗಿಲಾಚೆ ಕಳಿಸಿದ್ದಳು. ಅದೂ ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು.

ದಿಂಬಿನಡಿ ಇಟ್ಟ ಜುಬಲದ ನೆನಪಾಯಿತು. ಹೊಟ್ಟೆಯ ಮೇಲೆ ಹಾಸಿಕೊಂಡದ್ದು, ಅದರ ಮೇಲೆ ಕೈಯಿಟ್ಟು ನಿದ್ದೆ ಹೋದದ್ದು. ಆ ಮಗು ಉಟ್ಟದ್ದು ಅದೊಂದನ್ನೇ. ಹೇಳಬೇಕು ಅಂತ ತಿರುಗಿದವಳು, ಹೇಳದೆ ಆಸ್ಪತ್ರೆಯ ಚೀಟಿಯನ್ನು ಮಡಚತೊಡಗಿದಳು.

ಮುದ್ದು ಅವಳ ಬೆನ್ನು ಸವರಿದರು. "ಡಾಕ್ಟ್ರು ಸರಿ ಉಂಟು ಅಂದ್ರಲ್ಲಾ. ನಡಿ, ಮನೆಗೆ ಹೋಗುವ. ರೂಬನ್ ಹತ್ರ ನಾನು ನಾಳೆ ಕೇಳ್ತೇನೆ."

"ನಾಳೆ ಬೇಡ" ಅಂದಳು ಅಕ್ಷಿತಾ. "ಡಾಕ್ಟ್ರು ನೋಡಿದ್ದು ಇವತ್ತಿನದ್ದು ಮಾಮಿ. ನಾಳೆದ್ದು ಯಾರು ನೋಡಿದ್ದಾರೆ? ಈಗಲೇ ಹೋಗುವ." ಬಿ.ಎಸ್ಸಿ. ಓದಿದ ಸೊಸೆ ಹಟ ಹಿಡಿದಳು, ಏಳನೇ ಕ್ಲಾಸಿನ ಅತ್ತೆ ಸಮಾಧಾನ ಹೇಳಿದರು. ಹೆದರಿಕೆ ಮಾರ್ಕ್ಸ್ ಕಾರ್ಡು ನೋಡಿಕೊಂಡು ಬರುವುದಿಲ್ಲ.

ರೂಬನ್ ಫೋನಿನಲ್ಲಿ ಸಿಕ್ಕಿದ. "ಅಯ್ಯೋ ಅಕ್ಕ, ಬಲ್ಮಠದ ಹತ್ರ ನಮ್ಮ ಹಾಲ್‌ನಲ್ಲಿ ಉಂಟು. ಈಗ ವಿಂಗಡಣೆ ಮಾಡ್ತಾ ಇದ್ದಾರೆ. ಸಂಜೆ ವ್ಯಾನಿಗೆ ಹಾಕ್ತಾರೆ, ಬೇಗ ಬನ್ನಿ."

ಹಾಲ್ ತುಂಬ ಬಟ್ಟೆ. ವಿಡಿಯೋದವಳು ನೋಡಿದ್ದರೆ ಖುಷಿಯಿಂದ ಕುಣಿಯುತ್ತಿದ್ದಳು, ಅಷ್ಟು ಅಚ್ಚುಕಟ್ಟು. ಬೆಂಚುಗಳನ್ನು ಸಾಲಾಗಿ ಇಟ್ಟು, ಒಂದೊಂದರ ಮೇಲೂ ಚಾಕಿನಲ್ಲಿ ಪ್ರಾಯ ಬರೆದಿದ್ದರು. ಎಳೆಮಕ್ಕಳು ಒಂದು ಬೆಂಚು, ಅಂಗನವಾಡಿಯವರು ಒಂದು, ಶಾಲೆಯವರು ಒಂದು, ಹೀಗೆ ಹೆಂಗಸರ ಬೆಂಚಿನವರೆಗೆ. ಹಸಿರು ಚೀಲ ಬಾಗಿಲ ಬಳಿ ಖಾಲಿಯಾಗಿ ಬಿದ್ದಿತ್ತು. ಒಂದು ಚೀಲದಲ್ಲಿ ಒಟ್ಟಿಗೆ ಬೆಳೆದವಳನ್ನು ಬೆಂಚು ಬೆಂಚಿಗೆ ಹಂಚಿ ಹಾಕಿದ್ದರು.

"ಯಾರಾದ್ರೂ ಮಗುವಿಗೆ ಹಾಕಿದ್ರೆ?" ಅಂತ ಅಕ್ಷಿತಾ ಪಿಸುಗುಟ್ಟಿದಳು. ತನ್ನ ಮಗುವಿನ ಹೆದರಿಕೆಯ ಮೇಲೆ ಈಗ ಯಾರ್‍ಯಾರದೋ ಮಕ್ಕಳ ಹೆದರಿಕೆಯೂ ಬಂದು ಕುಳಿತಿತ್ತು.

"ಅದಕ್ಕೇ ನಾನೂ ಬಂದದ್ದು" ಅಂದರು ಮುದ್ದು. "ಎಲೆಯ ಹತ್ರ ಇಟ್ಟ ಬಟ್ಟೆ ಬದುಕಿದ ಮಕ್ಕಳು ಹಾಕ್ಬಾರದು."

ಅಲ್ಲಿದ್ದ ಸಿಸ್ಟರ್ ಹತ್ತಿರ, ಮೊಮ್ಮಕ್ಕಳಿಗೆ ಅಂತ ತೆಗೆದಿಟ್ಟದ್ದು, ಸೊಸೆ ಗೊತ್ತಿಲ್ಲದೆ ಕೊಟ್ಟಳು ಅಂತ ಸುಳ್ಳು ಹೇಳಿದರು. ಸಿಸ್ಟರ್ ಒಳ್ಳೆಯವರು, "ನಿಮ್ಮದು ನೀವು ಹುಡುಕಿ ತೆಗೆಯಿರಿ ಅಮ್ಮ" ಅಂದರು. ಮುದ್ದುವಿಗೆ ಹುಡುಕುವ ಅಗತ್ಯವೇ ಬರಲಿಲ್ಲ. ಎಳೆಮಕ್ಕಳ ಬೆಂಚಿನಿಂದ ಶುರುಮಾಡಿ, ರಾಶಿಯೊಳಗೆ ಕೈ ಹಾಕಿ, ಒಂದೊಂದನ್ನೂ ಹೆಸರು ಕರೆದು ಎಬ್ಬಿಸಿದ ಹಾಗೆ ಎತ್ತುತ್ತಾ ಹೋದರು. "ಇದು ನಡಿಲಿಕ್ಕೆ ಕಲಿತ ವರ್ಷದ್ದು" ಅಂದರು. "ಇದು ಶಾಲೆಗೆ ಸೇರುವಾಗಿನದ್ದು. ಇದು ಸ್ವಲ್ಪ ದೊಡ್ಡದಾಯ್ತು, ನನ್ನ ಅಂದಾಜು ತಪ್ಪಿತ್ತು." ಅಕ್ಷಿತಾ ಎರಡೂ ಕೈ ಚಾಚಿ ಹಿಂದೆ ಹಿಂದೆ ನಡೆದಳು. ತೋಳಿನ ಮೇಲೆ ಬಟ್ಟೆ ಏರಿದ ಹಾಗೆ ಹೊಟ್ಟೆಯ ಮುಂದೆ ಇನ್ನೊಂದು ಭಾರ ಬೆಳೆಯಿತು. ಒಳಗಿನದ್ದು ಅಲುಗಿದರೆ ಸಾಕಿತ್ತು ಅಂತ ಕಾಯುತ್ತಾ ನಡೆದಳು.

ಹೆಂಗಸರ ಬೆಂಚಿನಲ್ಲಿ ಎಲ್ಲ ಸಿಕ್ಕಿತು, ಎಲೆಹಸಿರು ಸೀರೆ ಒಂದು ಸಿಗಲಿಲ್ಲ. ಮುದ್ದು ರಾಶಿಯನ್ನು ತಿರುವಿ ಹಾಕುತ್ತಿರುವಾಗ ಹಿಂದಿನಿಂದ ಯಾರೋ ತುಳುವಿನಲ್ಲಿ ಕೇಳಿದರು:

"ಅಮ್ಮಾ, ಎಂಕ್ ಪೊರ್ಲು ತೋಜುಂಡಾ?"

ನನಗೆ ಚಂದ ಕಾಣುತ್ತದಾ ಅಂತ. ಕಿಟಕಿಯ ಬೆಳಕಿನಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ಚೂಡಿದಾರದ ಮೇಲೆಯೇ ಎಲೆಹಸಿರು ಸೀರೆಯನ್ನು ಸುತ್ತಿಕೊಂಡಿದ್ದಳು. ಎಣ್ಣೆಗಪ್ಪು ಮುಖ, ಉದ್ದ ಕತ್ತು. ಆಶ್ರಮದಲ್ಲೇ ಬೆಳೆದವಳು, ಮುಂದಿನ ತಿಂಗಳು ಇವಳ ಮದುವೆ, ರಾಶಿಯಲ್ಲಿ ಈ ಸೀರೆ ನೋಡಿದ ಮೇಲೆ ಕೆಳಗೇ ಇಟ್ಟಿಲ್ಲ ಅಂತ ಸಿಸ್ಟರ್ ನಗುತ್ತಾ ಹೇಳಿದರು.

ಮುದ್ದು ನೋಡುತ್ತಾ ನಿಂತರು. ಅಕ್ಷಿತಾ ಅತ್ತೆಯ ಮುಖ ನೋಡಿದಳು, ಆ ಮುಖವನ್ನು ಹಾಗೆ ಎಂದೂ ನೋಡಿರಲಿಲ್ಲ. ಆದರೂ ಹೆದರಿಕೆಗೆ ಕರುಣೆ ಇಲ್ಲ. "ಮಾಮಿ, ಅದೇ ಸೀರೆ. ಕೇಳಿ ಅವಳ ಹತ್ರ..." ಅಂತ ಮುಂದೆ ಹೆಜ್ಜೆ ಇಟ್ಟಳು. ಮುದ್ದು ಅವಳ ಮಣಿಕಟ್ಟು ಹಿಡಿದರು, ನೋಯುವಷ್ಟು ಬಿಗಿಯಾಗಿ.

"ಪೊರ್ಲು ತೋಜುಂಡು ಮಗಾ" ಅಂದರು ಹುಡುಗಿಗೆ. "ಆದ್ರೆ ನೆರಿಗೆ ಸರಿ ಬರ್ಲಿಲ್ಲ. ಬಾ ಇಲ್ಲಿ."

ಮಂಡಿಯೂರಿ ಕುಳಿತು ನೆರಿಗೆ ಹಿಡಿದರು. ಒಂದೊಂದನ್ನೂ ಬೆರಳಿನಿಂದ ತೀಡಿ ಸಿಕ್ಕಿಸಿದರು. ಎದ್ದು ಸೆರಗು ಎಳೆದು ಹೆಗಲ ಮೇಲೆ ಕೂರಿಸಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು, ಮತ್ತೆ ಹತ್ತಿರ ಹೋಗಿ ಸೆರಗನ್ನು ಒಂದು ಬೆರಳಿನಷ್ಟು ಕೆಳಗೆ ಬಿಟ್ಟರು. ಹುಡುಗಿ ಬಗ್ಗಿ ಅವರ ಕಾಲು ಮುಟ್ಟಿದಳು. ಮುದ್ದು ಅವಳ ತಲೆಯ ಮೇಲೆ ಕೈಯಿಟ್ಟು ಹೊರಗೆ ಬಂದರು.

ಮೆಟ್ಟಿಲಿನಲ್ಲಿ ಅಕ್ಷಿತಾಳ ಸಹನೆ ತಪ್ಪಿತು. "ಯಾಕೆ ಬಿಟ್ಟದ್ದು ಮಾಮಿ? ಬೇರೆ ಒಳ್ಳೆ ಸೀರೆ ತೆಗೆದುಕೊಡ್ತೇವೆ ಅಂದಿದ್ರೆ ಅವಳು ಕೊಡ್ತಿದ್ಲು. ಮದುವೆ ಸೀರೆಯೇ ಹೋದ್ರೆ ಮದುವೆ ಹೇಗೆ? ಮದುವೆ ಆಗದಿದ್ರೆ ನನ್ನ ಮಗು?"

"ಅದು ಇನ್ನೂ ಎಲೆಯ ಹತ್ರ ಇಟ್ಟದ್ದಲ್ಲ. ಇಡುವವರೆಗೆ ಅಂಗಡಿಯ ಬಟ್ಟೆಯೇ. ಆ ಹುಡುಗಿಗೆ ಅದರಿಂದ ಎಂತ ಆಗ್ಲಿಕ್ಕಿಲ್ಲ."

"ಅವಳಿಗೆ ಅಲ್ಲ, ನಮಗೆ!"

ಮುದ್ದು ಸೊಸೆಯ ತೋಳಿನ ಮೇಲಿನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. "ಇಷ್ಟು ವರ್ಷ ಮಡಚಿ ಮಡಚಿ ಇಟ್ಟದ್ದೇ ಆಯ್ತು. ಉಟ್ಟದ್ದು ನೋಡಿದ್ದು ಇವತ್ತು. ಅದನ್ನು ಮೈಮೇಲಿಂದ ಬಿಚ್ಚಿಸ್ಲಿಕ್ಕೆ ನನ್ನಿಂದ ಆಗ್ಲಿಲ್ಲ ಮಾರಾಯ್ತಿ." ಚೀಲದ ಬಾಯಿ ಕಟ್ಟಿದರು. ಆಮೇಲೆ ಸೊಸೆಯ ಮುಖ ನೋಡಿದರು. "ನಂಗೂ ಹೆದರಿಕೆ ಉಂಟು. ನಿನ್ನಷ್ಟೇ ಉಂಟು. ಒಂದನ್ನು ಕಳಕೊಂಡವಳಿಗೆ ಹೆದರಿಕೆ ಯಾರೂ ಕಲಿಸ್ಬೇಕಾಗಿಲ್ಲ."

ಅಕ್ಷಿತಾಳಿಗೆ ಆಗ ಹೊಳೆಯಿತು. ಒಂದನ್ನು ಕಳಕೊಂಡವರು ಆ ಮನೆಯಲ್ಲಿ ಇಬ್ಬರಿದ್ದರು. ಇಷ್ಟು ದಿನ ತಾನೊಬ್ಬಳೇ ಅಂದುಕೊಂಡಿದ್ದಳು.

ಮನೆಗೆ ಬಂದಾಗ ಮಳೆ ಸ್ವಲ್ಪ ಬಿಟ್ಟಿತ್ತು. ಡ್ರಿಲ್ಲಿಂಗ್ ಮೆಷಿನ್ ಬಿಟ್ಟಲ್ಲೇ ಬಿದ್ದಿತ್ತು. ಒಂದು ಹಲಗೆ ಇನ್ನೂ ಗೋಡೆಗೆ ಒರಗಿ ನಿಂತಿತ್ತು. ಅಕ್ಷಿತಾ ತನ್ನ ಕೋಣೆಗೆ ಹೋಗಿ ದಿಂಬು ಎತ್ತಿದಳು. ಜುಬಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಅತ್ತೆಯ ಮುಂದೆ ನಿಂತಳು.

"ಇದನ್ನು ನಾನು ತೆಗೆದಿಟ್ಟಿದ್ದೆ. ಮೋಕ್ಷಿತ್‌ದು ಅಂದ್ಕೊಂಡೆ. ಹೊಟ್ಟೆ ಮೇಲೆ ಇಟ್ಕೊಂಡಿದ್ದೆ ಮಾಮಿ, ಮಲಗಿದ್ದೆ ಅದರೊಟ್ಟಿಗೆ. ಹೇಳ್ಲಿಕ್ಕೆ ಹೆದರಿಕೆ ಆಯ್ತು."

"ಗೊತ್ತುಂಟು. ಮೋಕ್ಷಿ ಫೋನ್ ಮಾಡಿದ್ದ. ಫೋಟೋದಲ್ಲಿ ನೋಡಿ ಅವನೂ ಹೆದರಿದ್ದ. ಹಾಗೆ ನಾನು ಊಟಕ್ಕೆ ನಿಲ್ಲದೆ ಬಂದದ್ದು."

"ಮತ್ತೆ ಕೇಳ್ಲಿಲ್ಲ ಯಾಕೆ?"

"ಕೇಳಿದ್ರೆ ನೀನು ಇನ್ನೂ ಹೆದರ್ತಿದ್ದಿ." ಮುದ್ದು ಜುಬಲವನ್ನು ತೆಗೆದುಕೊಂಡು ಮೂಸಿದರು. ನುಸಿಗುಳಿಗೆ ಬಿಟ್ಟರೆ ಬೇರೆ ವಾಸನೆ ಇರಲು ಸಾಧ್ಯವಿರಲಿಲ್ಲ, ಆದರೂ ಅವರು ಬೇಗ ತೆಗೆಯಲಿಲ್ಲ. "ನಿನ್ನ ಮಗುವಿಗೆ ನನ್ನ ಸೀರೆ ಹರಿದು ಹೊಲಿದು ಕೊಡ್ತೇನೆ. ನಾನು ಸಾಕಷ್ಟು ಬದುಕಿದ್ದೇನೆ, ಅದು ಒಳ್ಳೇದು."

ಅಕ್ಷಿತಾ ಗೋಡೆಗೆ ಒರಗಿದ್ದ ಹಲಗೆಯ ಕಡೆ ನೋಡಿದಳು. ಕ್ಯಾಲೆಂಡರಿನ ಹಿಂಬದಿಯ ಚಿತ್ರದಲ್ಲಿ ಅದು ಸೊಂಟದ ಎತ್ತರದ ಖಾನೆ, ಮಗುವಿಗೆಂದು ಬರೆದಿಟ್ಟದ್ದು. "ಮಾಮಿ, ಇನ್ನು ಮೇಲಿನ ಖಾನೆ ಬೇಡ. ನಿಮಗೆ ಸ್ಟೂಲು ಹತ್ತಲಿಕ್ಕೂ ಆಗುದಿಲ್ಲ. ಇದು ಬಾಲೆಗೆ ಇರ್ಲಿ. ಇದರ ಕೆಳಗಿನದ್ದು ನಮ್ಮದಕ್ಕೆ ಸಾಕು." ಹೇಳುವಾಗಲೂ ಹೆದರಿಕೆ ಹೋಗಿರಲಿಲ್ಲ. ಹೋಗುವ ಹೆದರಿಕೆಯಲ್ಲ ಅಂತ ಗೊತ್ತಾಗಿತ್ತು. ಮನೆಯಲ್ಲೇ ಇರುವುದಾದರೆ ಅದಕ್ಕೂ ಒಂದು ಜಾಗ ಬೇಕಲ್ಲ.

ಮುದ್ದು ಹಲಗೆಯ ಒಂದು ತುದಿ ಎತ್ತಿ ಹಿಡಿದರು. ಅಕ್ಷಿತಾ ಮೆಷಿನ್ ಕೈಗೆತ್ತಿಕೊಂಡು, ಮೊಳೆ ಬೇಡ ಅಂದವರ ಮುಖ ನೋಡಿದಳು.

"ನೋಡುದೆಂತ? ಗಟ್ಟಿ ಹಾಕು" ಅಂದರು ಮುದ್ದು. "ಅಲ್ಲಾಡಬಾರದು."

ಕೆಂಪು ಹುಡಿ ಮತ್ತೆ ಉದುರಿತು. ಈ ಸಲ ಮುದ್ದು ತನ್ನ ಅಂಗೈಯನ್ನು ಸೊಸೆಯ ಹೊಟ್ಟೆಯ ಮೇಲೆ ಕೊಡೆಯ ಹಾಗೆ ಹಿಡಿದಿದ್ದರು. ಹಲಗೆ ಕೂತ ಮೇಲೆ ಬಟ್ಟೆಗಳನ್ನು ಎಡದಿಂದ ಬಲಕ್ಕೆ ಜೋಡಿಸಿದರು. ಮೊದಲು ಜುಬಲ, ಆಮೇಲೆ ಹಳದಿ ಫ್ರಾಕು, ಲಂಗ, ಚೂಡಿದಾರ, ಸೀರೆಗಳು. ಬಲತುದಿಯಲ್ಲಿ ಒಂದು ಸೀರೆಯಷ್ಟು ಅಗಲದ ಜಾಗ ಖಾಲಿ ಉಳಿಯಿತು.

ಅಕ್ಷಿತಾ ಆ ಜಾಗವನ್ನೇ ನೋಡುತ್ತಾ ಕೇಳಿದಳು. "ನಾಳೆ ಅಂಗಡಿಗೆ ನಾನೂ ಬರ್ತೇನೆ. ನಾದಿನಿಯ ಮದುವೆಗೆ ಸೀರೆ ತೆಗೆಯುದು ನಂದಲ್ವಾ? ಮದುವೆಗೆ ಬರ್ಲಿಕ್ಕೆ ಆಗದಿದ್ರೂ. ಅವಳಿಗೆ ಯಾವ ಬಣ್ಣ ಒಪ್ಪುತ್ತದೆ ಮಾಮಿ?"

ಮುದ್ದುವಿನ ಕೈಯಲ್ಲಿದ್ದ ನುಸಿಗುಳಿಗೆಯ ಪೊಟ್ಟಣ ಹಾಗೇ ನಿಂತಿತು. ಆ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಅವರಿಗೆ ಕೇಳಿರಲಿಲ್ಲ, ಗಂಡ ಕೂಡ. ಪೊಟ್ಟಣವನ್ನು ಹಲಗೆಯ ಮೇಲಿಟ್ಟು, "ತಿಳಿ ಬಣ್ಣ ಬೇಡ" ಅಂದರು. "ಬಾಲೆಯದ್ದು ಅಪ್ಪನ ಬಣ್ಣ. ಸ್ವಲ್ಪ ಕಪ್ಪು."

ಬೂಸ್ಟು ಹಿಡಿಯದಿರಲಿ ಅಂತ ಅಕ್ಷಿತಾ ಕಪಾಟಿನೊಳಗೆ ಝೀರೋ ಬಲ್ಬ್ ಹಾಕಿ ಸ್ವಿಚ್ ಒತ್ತಿದಳು. ಗಾಳಿಯಾಡಲೆಂದು ಮುದ್ದು ಕಪಾಟಿನ ಬಾಗಿಲನ್ನು ಪೂರ್ತಿ ಮುಚ್ಚದೆ ಒಂದು ಬೆರಳಿನಷ್ಟು ಬಿಟ್ಟರು. ಆ ಸಂದಿಯಿಂದ ಬೆಳಕು ಸಣ್ಣ ಗೆರೆಯಾಗಿ ನೆಲದ ಮೇಲೆ ಕೋಣೆಯ ಬಾಗಿಲವರೆಗೂ ಚಾಚಿತು. ಮೆಷಿನನ್ನು ತೆಗೆದಿಡಲು ಹೊರಟ ಅಕ್ಷಿತಾ ಅಲ್ಲಿ ಒಂದು ಕ್ಷಣ ನಿಂತಳು. ಆಮೇಲೆ ಹೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು, ನೈಟಿಯನ್ನು ಸ್ವಲ್ಪ ಎತ್ತಿ, ಮಲಗಿದ ಮಗುವನ್ನು ದಾಟದೆ ಸುತ್ತಿ ಹೋಗುವವರ ಹಾಗೆ, ಆ ಗೆರೆಯನ್ನು ತುಳಿಯದೆ ಬದಿಯಿಂದ ಹೋದಳು.